ಕೀಲಿಕೈ ಎಲ್ಲಿಡೋಣ?

ಮೊನ್ನೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮದು ಹಾನಗಲ್ ತಾಲ್ಲೂಕಿನ ಒಂದು ಪುಟ್ಟ ಹಳ್ಳಿ. ಅಪ್ಪನ ಯಾವುದೋ ಅರ್ಜಿ ಎಲ್ಲಿಗೆ ಬಂತು ಅಂತ ನೋಡಬೇಕಿತ್ತು. ಲ್ಯಾಪ್‌ಟಾಪ್ ತೆರೆದು "ಪಾಸ್‌ವರ್ಡ್ ಏನಪ್ಪಾ?" ಅಂದೆ. "ನನಗೇನ್ ಗೊತ್ತು, ಅದು ಪ್ಯಾಟ್ಯಾಗ ಕಂಪ್ಯೂಟರ್ ಅಂಗಡ್ಯಾಗ ಐತಿ" ಅಂದರು, ಹಿಟ್ಟು ಗಿರಣಿಯಲ್ಲಿ ಜೋಳ ಇಟ್ಟು ಬಂದವರ ಹಾಗೆ!

ಅಂಗಡಿಗೆ ಹೋದೆ. ಅಲ್ಲಿದ್ದವರು ಟೇಬಲ್ ಮೇಲಿದ್ದ ಉದ್ದನೆಯ ನೋಟ್‌ಬುಕ್ ತೆಗೆದು, ಹಾಳೆ ತಿರುವಿ, ಅಪ್ಪನ ಹೆಸರಿನ ಮುಂದೆ ಬೆರಳಿಟ್ಟರು. ಹೆಸರು, ಮೊಬೈಲ್ ನಂಬರ್, ಐಡಿ, ಪಾಸ್‌ವರ್ಡ್... ಸಾಲು ಸಾಲು. ಹೆಚ್ಚಿನವು ಹೆಸರಿನ ಮುಂದೆ 123 ಸೇರಿಸಿದವು. ಅಪ್ಪನದೂ ಅಷ್ಟೇ. ಮೊಬೈಲ್ ನಂಬರ್ ಮಾತ್ರ ಅಪ್ಪನದಲ್ಲ, ಅಂಗಡಿಯವರದು. ಓಟಿಪಿ ಬಂದರೆ ಅವರಿಗೇ ಬರುತ್ತದೆ.

ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಐದು ನಿಮಿಷ ಭಾಷಣ ಬಿಗಿದೆ. ಆತ ಪೂರ್ತಿ ಕೇಳಿ ಹೇಳಿದ್ದು ಇಷ್ಟು: "ಖರೇ ಐತ್ರಿ. ಆದ್ರ ಪಾಸ್‌ವರ್ಡ್ ಮರತ್ರ ನಿಮ್ಮಪ್ಪ ಹೊಲದ ಕೆಲಸ ಬಿಟ್ಟು ಮತ್ತ ಬಸ್ ಹತ್ತಿ ಬರಬೇಕಲ್ರಿ. ಆ ದಿನದ ಪಗಾರ ಯಾರ್ ಕೊಡ್ತಾರ, ನೀವು ಕೊಡ್ತೀರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ನಮ್ಮೂರ ಕಥೆ ಮಾತ್ರ ಅಲ್ಲ. ಸವಣೂರಿನ ಮಾವನ ಪಾಸ್‌ವರ್ಡ್ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿದೆ. ಹಿರೇಕೆರೂರಿನ ಅತ್ತೆಯದು ಗೋಡೆಯ ಕ್ಯಾಲೆಂಡರ್ ಮೇಲೆ. ಶಿಗ್ಗಾಂವಿಯಲ್ಲಿರುವ ತಂಗಿ ಮನೆಮಂದಿಗೆಲ್ಲ ತನ್ನ ಹುಟ್ಟಿದ ದಿನಾಂಕವನ್ನೇ ಹಂಚಿದ್ದಾಳೆ. ಇವರ್ಯಾರೂ ದಡ್ಡರಲ್ಲ. ನಾವು ಅನುಕೂಲ ಅಂದರೆ ಸೋಮಾರಿತನ ಅಂದುಕೊಳ್ಳುತ್ತೇವೆ. ಅವರಿಗೆ ಅದು ಒಂದು ದಿನದ ದುಡಿಮೆಯ ಲೆಕ್ಕ.

ಈಗ ನನ್ನದೇ ತಪ್ಪೊಪ್ಪಿಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಂತ್ರಾಂಶಕ್ಕೆ 'ಪಾಸ್‌ವರ್ಡ್ ನೆನಪಿಟ್ಟುಕೋ' ಅನ್ನುವ ಸೌಲಭ್ಯ ಬರೆದುಕೊಟ್ಟಿದ್ದೆ. ಎನ್‌ಕ್ರಿಪ್ಟ್ ಮಾಡಿಯೇ ಇಟ್ಟಿದ್ದೆ, ಹೆಮ್ಮೆಯಿಂದ. ಆದರೆ ಬಿಚ್ಚುವ ಕೀಲಿ ಅದೇ ಪ್ರೋಗ್ರಾಮಿನೊಳಗೆ ಇತ್ತು! ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಚೌಕಟ್ಟಿನ ಮೇಲೆ ಇಟ್ಟ ಹಾಗೆ. ಅಂಗಡಿಯವನ ನೋಟ್‌ಬುಕ್ಕಿಗಿಂತ ಅದು ಯಾವ ರೀತಿಯಲ್ಲಿ ಮೇಲು? ಅವನದು ಕಣ್ಣಿಗೆ ಕಾಣುತ್ತದೆ, ನನ್ನದು ಸುಳ್ಳು ಹೇಳುತ್ತದೆ.

ಚಾಟ್ ಮಾಡಲು ಪಿಜಿನ್ ಬಳಸಿದವರಿಗೆ ನೆನಪಿರಬಹುದು (2007ಕ್ಕೆ ಮುಂಚೆ ಅದರ ಹೆಸರು ಗೇಮ್). ಅದು ಪಾಸ್‌ವರ್ಡ್‌ಗಳನ್ನು ಒಂದು ಫೈಲಿನಲ್ಲಿ ಬರಿಗಣ್ಣಿಗೆ ಓದುವಂತೆ ಬರೆದಿಡುತ್ತಿತ್ತು. ಜನ ಬೈದರು. ಅದನ್ನು ಬರೆದವರ ವಾದ ಇಷ್ಟೇ: ಸರ್ವರಿಗೆ ಕಳಿಸಲು ಅಸಲಿ ಪಾಸ್‌ವರ್ಡೇ ಬೇಕು, ಬಳಕೆದಾರನನ್ನು ಕೇಳದೆ ಬಿಚ್ಚಬೇಕಾದರೆ ಕೀಲಿಯೂ ಅಲ್ಲೇ ಇರಬೇಕು. ಹಾಗೆ ಮುಚ್ಚಿಟ್ಟರೆ ಸಿಗುವುದು ಭದ್ರತೆಯಲ್ಲ, ಭದ್ರತೆಯ ಭ್ರಮೆ. ಬೇಡವಾದರೆ ಉಳಿಸಲೇಬೇಡಿ. ಮೊದಲು ಓದಿದಾಗ ಉದ್ಧಟತನ ಅನ್ನಿಸಿತ್ತು. ಈಗ ಪ್ರಾಮಾಣಿಕತೆ ಅನ್ನಿಸುತ್ತದೆ.

ಹಾಗಂತ ಎಲ್ಲವನ್ನೂ ಬಿಚ್ಚಿಡಿ ಅಂತಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂದು ಮುಖ್ಯ ಪಾಸ್‌ವರ್ಡ್ ಹಾಕಿದರೆ ಉಳಿದವಕ್ಕೆಲ್ಲ ನಿಜವಾದ ಬೀಗ ಬೀಳುತ್ತದೆ. ವಿಂಡೋಸ್‌ನಲ್ಲಿ ಕ್ರೋಮ್ ನಮ್ಮ ಲಾಗಿನ್ನಿಗೆ ಕಟ್ಟಿದ ಕೀಲಿ ಬಳಸುತ್ತದೆ. ಲ್ಯಾಪ್‌ಟಾಪ್ ಆಫ್ ಆಗಿದ್ದಾಗ ಡಿಸ್ಕ್ ಕದ್ದವನಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಇದೆಲ್ಲದರ ಹಿಂದಿನ ನಂಬಿಕೆ, ಒಂದು ಕಂಪ್ಯೂಟರ್ ಲಾಗಿನ್ ಅಂದರೆ ಒಬ್ಬ ಮನುಷ್ಯ ಅಂತ. ನಮ್ಮ ಕಡೆ ಒಂದು ಲಾಗಿನ್ ಅಂದರೆ ಹತ್ತು ಹಳ್ಳಿ! ಅಂಗಡಿಯ ಬ್ರೌಸರಿನಲ್ಲಿ 'ಉಳಿಸು' ಒತ್ತಿದರೆ, ಮುಂದಿನ ಗಿರಾಕಿಗೂ ಸಂಜೆ ಕೂರುವ ಹುಡುಗನಿಗೂ ಆ ಪಾಸ್‌ವರ್ಡ್ ತೆರೆದ ಬಾಗಿಲು. ನೋಟ್‌ಬುಕ್ಕನ್ನಾದರೂ ಕಪಾಟಿನಲ್ಲಿಟ್ಟು ಬೀಗ ಹಾಕಬಹುದು.

ಪಾಸ್‌ವರ್ಡೇ ಬೇಡ, ಬೆರಳೊತ್ತು ಸಾಕು ಅನ್ನುವವರಿದ್ದಾರೆ. ನಮ್ಮ ರಾಜ್ಯಕ್ಕೆ ಅದು ಹೊಸದಲ್ಲ. 2001ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ಸಿಬ್ಬಂದಿ ಒಳಹೋಗಲು ಬೆರಳಚ್ಚು ಕೊಡಬೇಕಿತ್ತು. ನಂತರ "ನನ್ನ ಪಾಸ್‌ವರ್ಡ್ ಯಾರೋ ಬಳಸಿದರು" ಅಂತ ಜಾರಿಕೊಳ್ಳಬಾರದಲ್ಲ! ಒಳ್ಳೆಯ ಉಪಾಯವೇ. ಆದರೆ 2023ರಲ್ಲಿ ಏನಾಯಿತು? ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿದ್ದ ಆಸ್ತಿಪತ್ರಗಳಿಂದ ಬೆರಳಚ್ಚು ಎತ್ತಿ, ಆಧಾರ್ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ವರದಿಯಾದವು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆರಳನ್ನು?

ಹಾಗಾದರೆ ಪರಿಹಾರ? ನನ್ನ ಪ್ರಕಾರ ತಂತ್ರಾಂಶ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ್ದು "ಯಾರಿಂದ ಕಾಪಾಡುತ್ತಿದ್ದೇವೆ?" ಅನ್ನುವುದನ್ನು. ದೂರದ ಕಳ್ಳನಿಂದಲೋ, ಪಕ್ಕದ ಕುರ್ಚಿಯವನಿಂದಲೋ? ಅಪ್ಪ ಎಂದೂ ನೋಡದ ಕಳ್ಳನಿಂದ ಮನೆಯ ಟ್ರಂಕಿನಲ್ಲಿರುವ ಚೀಟಿ ಭದ್ರವೇ. ಕಾಪಾಡಲಾಗದ ಕಡೆ ಕಾಪಾಡುತ್ತೇವೆ ಅಂತ ತೋರಿಸಿಕೊಳ್ಳಬಾರದು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತ ಪೀಡಿಸುವುದೂ ಬೇಡ, ಅದು ಜನರನ್ನು ನೋಟ್‌ಬುಕ್ಕಿಗೇ ತಳ್ಳುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಕೂಡ 2017ರಲ್ಲಿ ಹಾಗೆ ಒತ್ತಾಯಿಸುವುದು ಬೇಡ ಅಂದಿತು.

ಊರಿಂದ ಹೊರಡುವ ಮುಂಚೆ ಅಪ್ಪನ ಖಾತೆಗೆ ಅವರದೇ ಮೊಬೈಲ್ ನಂಬರ್ ಹಾಕಿಸಿದೆ. ಪಾಸ್‌ವರ್ಡ್ ಬದಲಿಸಿ, ಫೋನಿನಲ್ಲಿ ಉಳಿಸಿ, ಫೋನಿಗೊಂದು ಬೀಗ ಹಾಕಿದೆ. ಒಂದು ಪ್ರತಿ ಚೀಟಿಯಲ್ಲಿ ಬರೆದು, ಹೊಲದ ಪಹಣಿ ಇರುವ ಟ್ರಂಕಿನಲ್ಲಿಟ್ಟೆ. ಅಪ್ಪ ಎಲ್ಲಾ ನೋಡಿ, "ಮತ್ತ ಅಂಗಡ್ಯಾವಂಗ ಬ್ಯಾಸರ ಆಗೂದಿಲ್ಲೇನು?" ಅಂದರು :)

ಆ ನೋಟ್‌ಬುಕ್ಕಿನಲ್ಲಿ ಅಪ್ಪನ ಸಾಲಿಗೆ ಈಗ ಬೆಲೆಯಿಲ್ಲ. ಉಳಿದ ಸಾಲುಗಳು ಹಾಗೇ ಇವೆ. ಆ ಮನೆಗಳಿಂದಲೂ ಯಾರೋ ಒಬ್ಬರು ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರಬಹುದು. ನಿಮ್ಮ ಮನೆಯ ಕೀಲಿಕೈ ಎಲ್ಲಿದೆ? ಒಮ್ಮೆ ಊರಿಗೆ ಫೋನ್ ಮಾಡಿ ಕೇಳಿ ನೋಡಿ.