ದಾಂಡೇಲಿ ನೋಡಿ ಬಂದ್ರಿ, ಯಡಹಳ್ಳಿ ಗುಡ್ಡ ನೋಡೀರೇನು?

ಕಬ್ಬಿನ ಸೀಜನ್ ಮುಗೀತು. ಬಿಲ್ ಬಂದವ್ರು, ಬರಬೇಕಾದವ್ರು ಎಲ್ಲಾರೂ ಕ್ರೂಸರ್ ಮಾಡ್ಕೊಂಡು ಟ್ರಿಪ್ ಹೊಡದ ಬಂದ್ರಿ. ಜಮಖಂಡಿ, ಮುಧೋಳ, ಬನಹಟ್ಟಿ ಗೆಳ್ಯಾರ ಸ್ಟೇಟಸ್ ತುಂಬ ಗೋಕರ್ಣದ ಓಂ ಬೀಚು, ಮುರುಡೇಶ್ವರದ ಶಿವ, ದಾಂಡೇಲ್ಯಾಗ ಕಾಳಿ ನದಿಯ ರಬ್ಬರ್ ಬೋಟು. ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ವರ್ಷಪೂರ್ತಿ ರಾತ್ರಿ ಕರೆಂಟಿಗೆ ಎದ್ದು ನೀರು ಹಾಯಿಸಿದ ಜೀವಕ್ಕ ಎರಡು ದಿನ ಸಮುದ್ರದ ಗಾಳಿ ಬೇಕು. ನನ್ನ ತಕರಾರು ಇರೂದು ಹೋಗಿ ಬಂದ ಮ್ಯಾಲ ಆಡೂ ಮಾತಿನ ಬಗ್ಗೆ. "ನಮ್ಮ ಕಡೆ ಏನೈತ್ರಿ, ಬರೇ ಕಲ್ಲು ಗುಡ್ಡ. ಯಡಹಳ್ಳ್ಯಾಗೂ ನಾಕು ರೆಸಾರ್ಟು, ಒಂದು ಸಫಾರಿ ಮಾಡಿದ್ರ ನಾವೂ ದಾಂಡೇಲಿ ಆಗ್ತೀವಿ."

ಆಗೂದಿಲ್ಲ. ಆಗಲೂಬಾರದು.

ಆ ಕಲ್ಲು ಗುಡ್ಡ ಏನು ಅಂತ ಮೊದಲು ತಿಳ್ಕೊಳ್ರಿ. ಬೀಳಗಿ-ಮುಧೋಳ ತಾಲೂಕಿನ ಸುಮಾರು 96 ಚದರ ಕಿಲೋಮೀಟರ್ ಗುಡ್ಡ, ಅಂದ್ರ ನಮ್ಮ ಲೆಕ್ಕದಾಗ ಹತ್ತಿರ ಹತ್ತಿರ 24 ಸಾವಿರ ಎಕರೆ, 2016ರಾಗ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಆತು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಾಗ ಚಿಂಕಾರಕ್ಕ ಧಾಮ ಆದದ್ದು 2019ರಾಗ, ನಮ್ಮದರ ನಂತರ. ಚಿಂಕಾರ ಅಂದ್ರ ಸಣ್ಣ ಜಾತಿಯ ಜಿಂಕಿ. ತೂಕ ಇಪ್ಪತ್ತು-ಇಪ್ಪತ್ತೈದು ಕೆ.ಜಿ., ಒಂದು ಹೋತದಷ್ಟು. ಗಂಡಿಗೂ ಕೋಡು, ಹೆಣ್ಣಿಗೂ ಕೋಡು. ಎಲಿ, ಕಾಯಿ, ಇಬ್ಬನಿಯೊಳಗಿನ ತೇವದ ಮ್ಯಾಲೇ ನೀರು ಕುಡೀದ ದಿನಗಟ್ಲೆ ಇರ್ತೈತಿ. ನಮ್ಮ ಏಪ್ರಿಲ್ ಬಿಸಲಾಗ! ಅದರ ಜೋಡಿ ತ್ವಾಳ, ನರಿ, ಕತ್ತೆಕಿರುಬ ಅದಾವ. ಇವಕ್ಕೆಲ್ಲಾ ದಟ್ಟ ಅಡವಿ ಬೇಕಿಲ್ಲ. ಬಯಲು, ಕುರುಚಲು ಗಿಡ, ಒಣ ಹುಲ್ಲು ಬೇಕು. ನಾವು "ಹಾಳು ಮಡ್ಡಿ" ಅಂತೀವಲ್ಲ, ಅದೇ ಅವುಗಳ ಮನಿ. ಅಲ್ಲಿ ನೀಲಗಿರಿ ಹಚ್ಚಿ ಹಸಿರು ಮಾಡ್ರಿ ಅನ್ನಾವ್ರಿಗೂ ಇದೇ ಉತ್ತರ.

ದಾಂಡೇಲಿ ಸುತ್ತಿನದು ಮಳಿ ಕಾಡು. 2007ರಾಗ ಹುಲಿ ಸಂರಕ್ಷಿತ ಪ್ರದೇಶ ಆಗಿ, 2015ರಾಗ ಕಾಳಿ ಅಂತ ಹೆಸರು ಪಡದದ್ದು. ಅಲ್ಲಿ ಜೀಪು ಬಂದ್ರ ಪ್ರಾಣಿ ಎರಡು ಹೆಜ್ಜಿ ಹಾಕಿ ಬಿದಿರು ಮೆಳ್ಯಾಗ ಮರಿ ಆಗ್ತೈತಿ. ಯಡಹಳ್ಳಿ ಗುಡ್ಡದಾಗ ಮರಿ ಆಗಾಕ ಎಲ್ಲಿ ಐತಿ ಮೆಳಿ? ಜೀಪಿನ ಸಪ್ಪಳ ಕೇಳಿದ್ರ ಚಿಂಕಾರ ಓಡೂದೊಂದೇ ದಾರಿ. ಹುಲ್ಲಿನ್ಯಾಗ ಮರಿ ಮಲಗಿಸಿ ಮೇಯಾಕ ಹೋದ ತಾಯಿ ಹಿಂಗ ದಿನಕ್ಕ ನಾಕು ಸಲ ಬೆದರಿ ಓಡಿದ್ರ ಆ ಮರಿಗೆ ಹಾಲು ಕೊಡೂದು ಯಾವಾಗ?

ಇನ್ನೊಂದು ಮಾತು. ತಲಾತಲಾಂತರದಿಂದ ಕುರಿ ಕಾಯ್ಕೊಂಡು ಬಂದವ್ನಿಗೆ "ಇದು ಧಾಮ, ಒಳಗ ಬರಬ್ಯಾಡ" ಅಂತ ಹೇಳೂದು, ಅದೇ ಬಾಯಿಲೆ ಊರಿಂದ ಬಂದ ಜೀಪಿಗೆ ಗೇಟು ತಗಿಯೂದು, ಇದು ಯಾವ ನ್ಯಾಯ? ಕುರಿಗಾರನ ಸಂಕಟ ಖರೇ ಐತಿ, ಅದನ್ನ ಕೂತು ಬಗೆಹರಿಸ್ಬೇಕು. ರೆಸಾರ್ಟಿನವನಿಗೆ ಸಂಕಟ ಇಲ್ಲ, ಆಸೆ ಐತಿ.

ಭೂಮಿ ರೇಟು ಏರ್ತೈತಿ ಅಂತೀರಿ. ಏರ್ತೈತಿ, ಮಾರಿದವಗ ಒಂದ ಸಲ. ಮುಂದ ಅವನ ಮಗ ಅದೇ ಜಾಗದ ಗೇಟಿನ್ಯಾಗ ಸೀಟಿ ಊದ್ತಾನ. ರೊಕ್ಕ ಬಂದು ಭೂಮಿ ಹೋದ್ರ ಏನಾಗ್ತೈತಿ ಅಂತ ಬೀಳಗಿ ತಾಲೂಕಿನವ್ರಿಗೆ ನಾ ಹೇಳಬೇಕೇನು? ಆಲಮಟ್ಟಿ ಹಿನ್ನೀರು ಹೇಳೈತಿ. ಅಣೆಕಟ್ಟಿನ ಮಟ್ಟ 519.60 ಮೀಟರಿನಿಂದ 524.256 ಆದ್ರ ಇನ್ನಷ್ಟು ಎರಿಭೂಮಿ ಮುಳುಗ್ತೈತಿ. ಆವಾಗ ಮಂದಿಗೂ ಪ್ರಾಣಿಗೂ ಉಳ್ಯೂದು ಈ ಮಡ್ಡಿನೇ.

ನಾಯಿ ಬಗ್ಗೆ ಹೇಳಿದ್ರ ಕೆಲವರಿಗೆ ಸಿಟ್ಟು ಬರ್ತೈತಿ, ಬರ್ಲಿ. ಮುಧೋಳ ನಾಯಿ ನಮ್ಮ ಹೆಮ್ಮೆ. 2005ರಾಗ ಅಂಚೆಚೀಟಿ ಮ್ಯಾಲ ಬಂತು, ತಿಮ್ಮಾಪುರದಾಗ ಅದಕ್ಕಂತ ಸಂಶೋಧನಾ ಕೇಂದ್ರ ಐತಿ. ಆದ್ರ ಅದರ ಹುಟ್ಟುಗುಣನೇ ಕಣ್ಣಿಗೆ ಕಂಡದ್ದನ್ನ ಬೆನ್ನಟ್ಟೂದು. ಗುಡ್ಡದ ಅಂಚಿನ ಹೊಲದಾಗ ಅದನ್ನ ಬಿಚ್ಚಿ ಬಿಟ್ಟು "ಮೊಲಕ್ಕ ರೀ" ಅನ್ನೂದು ಬ್ಯಾಡ. ಮೊಲ ಯಾವುದು, ಚಿಂಕಾರದ ಮರಿ ಯಾವುದು ಅಂತ ನಾಯಿ ವಿಚಾರ ಮಾಡಂಗಿಲ್ಲ. 1972ರ ಕಾಯ್ದೆ ಒಳಗ ಚಿಂಕಾರ ಮೊದಲನೇ ಶೆಡ್ಯೂಲಿನ್ಯಾಗ ಐತಿ, ಹುಲಿಗೆ ಇದ್ದಷ್ಟೇ ರಕ್ಷಣೆ. ಕೊಂದ್ರ 3 ರಿಂದ 7 ವರ್ಷ ಜೈಲು. ಅದಕ್ಕಿಂತ ಕೆಟ್ಟದ್ದು ಬೀದಿನಾಯಿ ಹಿಂಡು. ಸತ್ತ ಕೋಳಿ, ಸತ್ತ ಕರ ಗುಡ್ಡದ ಬುಡಕ್ಕ ಒಗದು ಅವನ್ನ ಅಲ್ಲೇ ಸಾಕಾವ್ರು ನಾವೇ.

ಬೆಂಕಿನೂ ಹಂಗೇ. ಕಟಾವು ಆದ ಕೂಡ್ಲೆ ರವದಿಗೆ ಕಡ್ಡಿ ಕೊರಿಯೂದು, ಗಾಳಿ ಎದ್ದು ಗುಡ್ಡದ ಹುಲ್ಲಿಗೆ ಹತ್ತಿದ್ರ "ಯಾರು ಹಚ್ಚಿದ್ರೋ" ಅನ್ನೂದು. ರವದಿ ಸಾಲಿನ್ಯಾಗೇ ಮುಚ್ರಿ. ಭೂಮಿಗೆ ತಂಪು, ಗುಡ್ಡಕ್ಕೂ ತಂಪು.

"ಬೆಳಿ ತಿಂತಾವಲ್ರೀ" ಅಂತ ಕೇಳಾವ್ರಿಗೆ: ನಿಮ್ಮ ಕಬ್ಬು, ಗೋವಿನಜೋಳ ಮಲಗಿಸೂದು ಹಂದಿ. ಎರಡು-ಮೂರರ ಗುಂಪಿನ್ಯಾಗ ಬಂದು ಕಡಲಿ ತುದಿ ಚಿವುಟೂ ಚಿಂಕಾರದ ತಲಿಗೆ ಅದನ್ನ ಕಟ್ಟಬ್ಯಾಡ್ರಿ. ನುಕ್ಸಾನಿ ಆದ್ರ ಫೋಟೋ ತಗದು ಅರಣ್ಯ ಇಲಾಖೆಗೆ ಅರ್ಜಿ ಹಾಕ್ರಿ, ಪರಿಹಾರಕ್ಕ ಜಗಳ ಮಾಡ್ರಿ, ನಾನೂ ಬರ್ತೀನಿ. ಬೇಲಿಗೆ ಮಾತ್ರ ಲೈನಿನ ಕರೆಂಟು ಕೊಡಬ್ಯಾಡ್ರಿ. ರಾತ್ರಿ ನೀರು ಬಿಡಾಕ ಹೋದ ರೈತನೇ ಅದಕ್ಕ ಸಿಕ್ಕು ಸಾಯ್ತಾನ.

ನೋಡಬೇಕು ಅನ್ನೂ ಹುಕಿ ಇದ್ದಾವ್ರು ಇಲಾಖೆಯವ್ರನ್ನ ಕೇಳಿ, ಬೆಳಕು ಹರಿಯೂದ್ರಾಗ ಗುಡ್ಡದ ಅಂಚಿಗೆ ಹೋಗಿ ಸುಮ್ನ ಕೂಡ್ರಿ. ಡಿಜೆ ಬ್ಯಾಡ, ಬಾಟ್ಲಿ ಬ್ಯಾಡ, ಒಂದು ದುರ್ಬೀನು ಸಾಕು. ಕಾಣ್ಲಿಲ್ಲ ಅಂದ್ರ ಹಂಗೇ ಚಿಕ್ಕಸಂಗಮಕ್ಕ ಹೋಗ್ರಿ. ಕೃಷ್ಣಾ-ಘಟಪ್ರಭಾ ಕೂಡೂ ಜಾಗ. ಹಿನ್ನೀರು ಇಳದಾಗ ದಂಡಿ ಮ್ಯಾಲ ಹಕ್ಕಿ ಕೂತಿರ್ತಾವ, ಮಕ್ಕಳಿಗೆ ತೋರಸ್ರಿ.

ಮತ್ತ ಮುಂದಿನ ಗ್ರಾಮಸಭ್ಯಾಗ ಯಾರಾದ್ರೂ ರೆಸಾರ್ಟಿನ ಮಾತು ತಗದ್ರ, ಊರ ನಾಯಿಗಳಿಗೆ ಆಪರೇಶನ್ ಯಾವಾಗ ಮಾಡಸ್ತೀರಿ, ಸತ್ತ ದನ ಹುಗ್ಯಾಕ ಜಾಗ ಎಲ್ಲಿ ಕೊಡ್ತೀರಿ ಅಂತ ಮೊದಲು ಕೇಳ್ರಿ. ಉತ್ತರ ಬಂದ ಮ್ಯಾಲ ರೆಸಾರ್ಟಿನ ಮಾತು ಆಡೋಣು.