ಝೆಂಡಾ ಏರಿಸಿದರೆ ಸಾಕೆ?

ಸೆಪ್ಟೆಂಬರ್ 17 ಬಂತೆಂದರೆ ಗಡಿಯ ಎರಡೂ ಕಡೆ ಒಂದೇ ಧ್ವಜ ಏರುತ್ತದೆ. ಬೀದರ, ಭಾಲ್ಕಿ, ಬಸವಕಲ್ಯಾಣದಲ್ಲಿ ಅದು ಕಲ್ಯಾಣ ಕರ್ನಾಟಕ ಉತ್ಸವ. ಉಮರ್ಗಾ, ನಿಲಂಗಾ, ಉದಗೀರದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಇಲ್ಲಿ ಧ್ವಜಾರೋಹಣ ಅಂತೀವಿ, ಅಲ್ಲಿ ಝೆಂಡಾವಂದನ ಅಂತಾರ. ಹೆಸರು ಎರಡು, ನೆನಪು ಒಂದೇ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು ಈ ನೆಲ ಭಾರತದೊಳಗೆ ಬಂದ ದಿನವದು. ನಿಲಂಗಾ, ಉದಗೀರಗಳಂತೂ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು.

ಈ ಧ್ವಜ ನಮ್ಮ ಭಾಗಕ್ಕೆ ಪುಕ್ಕಟೆ ಸಿಕ್ಕದ್ದಲ್ಲ. 1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮಿಸುತ್ತಿದ್ದಾಗ ಹೈದರಾಬಾದ ಸಂಸ್ಥಾನದಲ್ಲಿ ತ್ರಿವರ್ಣ ಏರಿಸುವುದೇ ಅಪರಾಧವಾಗಿತ್ತು. ಅಂದೇ ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು. ಸಿಂದಗಿ ಸೀಮೆಯಲ್ಲಿ ಹುಟ್ಟಿ, ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾದಲ್ಲಿ ಮಾಸ್ತರಿಕೆ ಮಾಡಿದವರು ಅವರು. ಅವರನ್ನು ಕನ್ನಡಿಗರೆನ್ನಬೇಕೋ ಮರಾಠಿಗರೆನ್ನಬೇಕೋ? ಮರು ವರ್ಷ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರ ಕೈಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. 2023ರ ಮಾರ್ಚಿನಲ್ಲಿ ಅಲ್ಲಿ 103 ಅಡಿ ಎತ್ತರದ ಕಂಬದ ಮೇಲೆ ಧ್ವಜ ಹಾರಿತು.

ಇಂಥ ಧ್ವಜಕ್ಕೆ ನಾವು ಕೊಡುತ್ತಿರುವ ಮರ್ಯಾದೆ ಎಂಥದ್ದು? ಮುಂಜಾನೆ ಏಳೂವರೆಗೆ ಸೆಲ್ಯೂಟ್, ಮರುದಿನ ಗಟಾರದಲ್ಲಿ ಕಾಗದದ ಝೆಂಡಾ. 2022ರಿಂದ ಮನೆಯ ಮೇಲೆ ಹಗಲೂ ರಾತ್ರಿ ಧ್ವಜ ಇಡಲು ಪರವಾನಗಿ ಇದೆ, ನಿಜ. ಆದರೆ ಮಳೆ ಗಾಳಿಗೆ ಚಿಂದಿಯಾದದ್ದನ್ನು ಹಾಗೇ ಬಿಡಲು ಪರವಾನಗಿ ಇಲ್ಲ. ಹರಿದ, ಮಾಸಿದ ಧ್ವಜ ಹಾರಿಸಬಾರದು, ಅದನ್ನು ಏಕಾಂತದಲ್ಲಿ ಗೌರವದಿಂದ, ಆದಷ್ಟು ಸುಟ್ಟೇ, ಪೂರ್ತಿ ನಾಶಮಾಡಬೇಕು ಎಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಬೇಕೆಂದೇ ಅವಮಾನ ಮಾಡಿದರೆ 1971ರ ಕಾಯದೆಯಂತೆ ಮೂರು ವರ್ಷದವರೆಗೆ ಜೈಲು. ಆದರೆ ನಮ್ಮಲ್ಲಿ ನಡೆಯುವುದು ಬಹುಪಾಲು ದ್ವೇಷದ ಅವಮಾನವಲ್ಲ, ಉದಾಸೀನ.

ಇನ್ನೊಂದು ಮಾತು ಗಡಿಯವರಿಗಷ್ಟೇ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ, ಸರಿಸಮನಾಗಿ ಪಕ್ಕದಲ್ಲಾಗಲಿ, ಅದೇ ಕಂಬದ ಮೇಲಾಗಲಿ ಬೇರೆ ಬಾವುಟ ಕಟ್ಟುವಂತಿಲ್ಲ. ಹಳದಿ-ಕೆಂಪು ಬಾವುಟಕ್ಕೂ ಈ ನಿಯಮ ಅಷ್ಟೇ, ಭಗವಾ ಧ್ವಜಕ್ಕೂ ಅಷ್ಟೇ. 2021ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟಾಗ ನನಗೂ ಸಂಕಟವಾಯಿತು. ಹಂಗಂತ ತ್ರಿವರ್ಣವನ್ನು ಮುಂದೆ ಹಿಡಿದುಕೊಂಡು ನೆರೆಯವರನ್ನು ಬೈಯುತ್ತ ಹೋಗುವುದು ದೇಶಭಕ್ತಿ ಆಗಲಾರದು. ಅದು ಅವರ ಧ್ವಜವೂ ಹೌದು.

ಅನುಮಾನವಿದ್ದರೆ ಬಟ್ಟೆಯನ್ನೇ ಕೇಳಿ. ಧಾರವಾಡ ಜಿಲ್ಲೆಯ ಗರಗದ ಖಾದಿ, ಹುಬ್ಬಳ್ಳಿ ಬೆಂಗೇರಿಯ ಹೊಲಿಗೆ ನಮಗೆಲ್ಲ ಗೊತ್ತು. ಆದರೆ ಉದಗೀರದಲ್ಲೂ ಧ್ವಜದ ಖಾದಿ ನೇಯುತ್ತ ಬಂದಿದ್ದಾರೆ, ಅದು ನಾಂದೇಡದಲ್ಲಿ ಧ್ವಜವಾಗಿ ಹೊರಬಿದ್ದಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನೂಲುವ ಕೈಗೆ ಗಡಿ ಇಲ್ಲ. 2021ರ ಕೊನೆಗೆ ಪಾಲಿಯೆಸ್ಟರ್ ಮತ್ತು ಯಂತ್ರದ ಧ್ವಜಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಆ ಕೈಗಳಿಗೆ ಕೆಲಸ ಕಡಿಮೆಯಾಗುವ ಭಯ ಶುರುವಾಗಿದೆ.

ಹಾಗಾಗಿ ನನ್ನ ಬೇಡಿಕೆ ಭಾಳ ಸಣ್ಣದು. ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ಶಾಲೆ ವರ್ಷಕ್ಕೊಂದು ಖಾದಿ ಧ್ವಜ ಕೊಳ್ಳಲಿ. ಹರಿದ ಧ್ವಜ ತಂದು ಒಪ್ಪಿಸಲು ಒಂದು ಪೆಟ್ಟಿಗೆ ಇಡಲಿ. ಮೆರವಣಿಗೆ ಮುಗಿದ ಸಂಜೆ ಹುಡುಗರನ್ನು ಕರೆದುಕೊಂಡು ರಸ್ತೆಯ ಮೇಲೆ ಬಿದ್ದ ಝೆಂಡಾಗಳನ್ನು ಆರಿಸಿ ತರಲಿ. ಬಸವಕಲ್ಯಾಣದ ಮಾಸ್ತರರು ಇದನ್ನು ಶುರು ಮಾಡಿದರೆ ಉಮರ್ಗಾದ ಗುರೂಜಿಗಳು ಬ್ಯಾಡ ಅನ್ನಲಾರರು.