ಬರೆದವರು ಊರು ಬಿಟ್ಟ ಮೇಲೆ

ಶಹಾಬಾದ್, ವಾಡಿ, ಸೇಡಂ ಕಡೆ ವೇ ಬ್ರಿಡ್ಜ್ ಇಲ್ಲದೆ ವ್ಯಾಪಾರ ನಡೆಯುವುದಿಲ್ಲ. ಫರ್ಸಿ ಹೇರಿದ ಲಾರಿ, ಸಿಮೆಂಟ್ ತುಂಬಿದ ಟ್ರಕ್, ತೊಗರಿ ಚೀಲಗಳ ಟ್ರ್ಯಾಕ್ಟರ್ ಎಲ್ಲವೂ ಒಮ್ಮೆ ತುಂಬಿಕೊಂಡು, ಒಮ್ಮೆ ಖಾಲಿಯಾಗಿ ಆ ಕಬ್ಬಿಣದ ಹಾಸಿನ ಮೇಲೆ ನಿಲ್ಲಬೇಕು. ಪಕ್ಕದ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಇರುತ್ತದೆ. ತೂಕದ ಯಂತ್ರದ ವೈರ್ ಅದರ ಬೆನ್ನಿಗೆ ಸೇರಿರುತ್ತದೆ. ಪರದೆಯ ಮೇಲೆ ಅಂಕಿ ಮೂಡಿದಾಗ ಗುಮಾಸ್ತ ಲಾರಿ ನಂಬರ್ ಹೊಡೆದು ಬಟನ್ ಒತ್ತುತ್ತಾನೆ, ಚೀಟಿ ಹೊರಬರುತ್ತದೆ. ಇಂಥದೊಂದು ತಂತ್ರಾಂಶವನ್ನು ಕಾಳಗಿಯ ಹುಡುಗಿಯೋ ಹುಡುಗನೋ ಕೂತು ಬರೆಯುವುದಾದರೆ ಕ್ಯೂಟಿ, ಜಿಟಿಕೆಯಂಥ ಓಪನ್ ಸೋರ್ಸ್ ಟೂಲ್‌ಕಿಟ್ ಹಿಡಿಯುವುದು ಲೇಸೇ? ಎರಡೂ ಕಡೆಯ ಮಾತು ಗಟ್ಟಿಯಾಗಿದೆ. ಅದಕ್ಕೇ ನಿಧಾನವಾಗಿ ನೋಡಬೇಕು.

ಟೂಲ್‌ಕಿಟ್ ಅಂದರೆ ವಿಂಡೋ, ಬಟನ್, ಮೆನು, ಅಕ್ಷರ ತುಂಬುವ ಪೆಟ್ಟಿಗೆ, ಪ್ರಿಂಟ್ ಮಾಡುವ ವ್ಯವಸ್ಥೆ ಇವನ್ನೆಲ್ಲ ಮೊದಲೇ ಮಾಡಿಟ್ಟ ಸಾಮಗ್ರಿ. ಅದಿದ್ದರೆ ಒಂದೊಂದು ಬಟನ್ನನ್ನೂ ಗೆರೆ ಎಳೆದು ಬರೆಯುತ್ತ ಕೂರಬೇಕಿಲ್ಲ. ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1990ರ ದಶಕದ ನಡುವೆ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಬರೆದುಕೊಂಡದ್ದೇ ಜಿಟಿಕೆ ಆಯಿತು. ಕ್ಯೂಟಿಯನ್ನು ನಾರ್ವೆಯ ಟ್ರೋಲ್‌ಟೆಕ್ ಕಂಪನಿ 1995ರಲ್ಲಿ ಮೊದಲು ಹೊರತಂದಿತು. ನಮ್ಮಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಇರುವ ವಿಎಲ್‌ಸಿ, ನಕಾಶೆಯ ಕೆಲಸದವರು ಬಳಸುವ ಕ್ಯೂಜಿಐಎಸ್ ಎರಡೂ ಕ್ಯೂಟಿಯ ಮೇಲೆಯೇ ನಿಂತಿವೆ.

ಒಪ್ಪುವವರ ಮಾತಿನಿಂದ ತೊಡಗುತ್ತೇನೆ. ತಾಲ್ಲೂಕು ಕಚೇರಿಯಲ್ಲಿ, ನಾಡಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ ನಮ್ಮ ಜನ ಎಷ್ಟು ಸಲ ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಅನ್ನಿಸಿಕೊಂಡು ವಾಪಸು ಹೋಗಿಲ್ಲ? ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋದವು. ವೆಬ್‌ಸೈಟಿನಲ್ಲಿ ನಡೆಯುವ ಕೆಲಸಕ್ಕೆ ಎಲ್ಲೋ ದೂರದ ಒಂದು ಯಂತ್ರ ಎಚ್ಚರವಿರಬೇಕು, ಇಲ್ಲಿಂದ ಅಲ್ಲಿಯವರೆಗಿನ ದಾರಿಯೂ ತೆರೆದಿರಬೇಕು. ಟೂಲ್‌ಕಿಟ್‌ನಲ್ಲಿ ಬರೆದ ತಂತ್ರಾಂಶ ಮೇಜಿನ ಮೇಲಿನ ಯಂತ್ರದಲ್ಲೇ ಇರುತ್ತದೆ, ನೆಟ್ ಹೋದರೂ ಲಾರಿ ನಿಲ್ಲುವುದಿಲ್ಲ. ವೈರಿನ ವಿಷಯವೂ ಇದೆ. ತೂಕದ ಯಂತ್ರ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಕಳಿಸುತ್ತದೆ. ಅದನ್ನು ಓದುವ ಮಾಡ್ಯೂಲ್ ಕ್ಯೂಟಿಯಲ್ಲೇ ಸಿದ್ಧವಿದೆ. ಜಿಟಿಕೆ ಹಿಡಿದವರು ಪೈಥಾನ್‌ನ ಒಂದು ಲೈಬ್ರರಿ ಸೇರಿಸಿಕೊಂಡರೆ ಆಯಿತು. ಬ್ರೌಸರ್‌ಗಳಲ್ಲಿ ಈ ಸೌಕರ್ಯ ಬಂದದ್ದು ತೀರ ಈಚೆಗೆ: ಕ್ರೋಮ್‌ಗೆ 2021ರಲ್ಲಿ. ಎಲ್ಲ ಬ್ರೌಸರ್‌ಗೂ ಅದು ಬರಲಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಈ ಪಕ್ಷ ಇನ್ನೂ ಬಲವಾಗುತ್ತದೆ. ‘ವರ್ಷ’ದ ಅರ್ಕಾವತ್ತು ಸರಿಯಾದ ಜಾಗಕ್ಕೆ ಹೋಗಿ ಕೂರಬೇಕು, ‘ಚಿತ್ತಾಪುರ’ದ ಒತ್ತು ಕೆಳಗಿಳಿಯಬೇಕು. ಯೂನಿಕೋಡ್‌ನಲ್ಲಿ ಅಕ್ಷರಗಳು ಸಾಲಾಗಿ ಬಂದು ನಿಂತರೆ ಸಾಲದು, ಅವನ್ನು ಜೋಡಿಸಿ ಆಕಾರ ಕೊಡುವ ಒಂದು ಎಂಜಿನ್ ಬೇಕು. 2002ರಲ್ಲಿ ಜಿಟಿಕೆ 2 ಬಂದಾಗ ಅದರ ಜೊತೆಗೇ ಪ್ಯಾಂಗೋ ಎಂಬ ಅಕ್ಷರ ಜೋಡಿಸುವ ಲೈಬ್ರರಿ ಬಂದಿತು, ಭಾರತದ ಲಿಪಿಗಳನ್ನು ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ್ದು. ಇಂದು ಜಿಟಿಕೆ, ಕ್ಯೂಟಿ, ಲಿಬ್ರೆಆಫೀಸ್, ಆಂಡ್ರಾಯ್ಡ್, ಫೈರ್‌ಫಾಕ್ಸ್ ಎಲ್ಲಕ್ಕೂ ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ಎಂಜಿನ್ ಆಧಾರ. ಅದರಲ್ಲಿ ಕನ್ನಡದ ಒಂದು ದೋಷ ತಿದ್ದಿದರೆ ಇವೆಲ್ಲದರಲ್ಲೂ ಸರಿಹೋಗುತ್ತದೆ. ಮುಚ್ಚಿದ ತಂತ್ರಾಂಶದಲ್ಲಿ ಕನ್ನಡ ಒಡೆದರೆ ಕಂಪನಿಗೆ ಕಾಗದ ಬರೆದು ಕಾಯುವುದೊಂದೇ ದಾರಿ. ನಮ್ಮ ಭಾಗದಲ್ಲಿ ಉರ್ದು ಓದುವವರೂ ಬಹಳ. ಬಲದಿಂದ ಎಡಕ್ಕೆ ಸಾಗುವ ಆ ಲಿಪಿಯನ್ನೂ ಕನ್ನಡವನ್ನೂ ಒಂದೇ ಚೀಟಿಯ ಮೇಲೆ ತರುವುದು ಈ ಎರಡೂ ಟೂಲ್‌ಕಿಟ್‌ಗಳಿಗೆ ಹೊಸ ಕೆಲಸವಲ್ಲ.

ಇಲ್ಲೊಂದು ಎಚ್ಚರ ಹೇಳಲೇಬೇಕು. ಓಪನ್ ಸೋರ್ಸ್ ಆದ ಮಾತ್ರಕ್ಕೆ ಕನ್ನಡ ಬರುತ್ತದೆಂದು ನಂಬಬಾರದು. ಡಿಯರ್ ಇಮ್‌ಗುಯಿಯಂಥ ಹಗುರ ಟೂಲ್‌ಕಿಟ್‌ಗೆ ಅಕ್ಷರ ಜೋಡಿಸುವ ಎಂಜಿನ್ ಇಲ್ಲ. ಅಲ್ಲಿ ಕನ್ನಡ ಚೂರುಚೂರಾಗಿ ಕಾಣುತ್ತದೆ. ಚೀಟಿ ಹೊಡೆಯುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೊಟ್ಟೆಯೊಳಗೆ ಕನ್ನಡ ಫಾಂಟ್ ಇರುವುದಿಲ್ಲ. ಟೂಲ್‌ಕಿಟ್ ಇಡೀ ಚೀಟಿಯನ್ನು ಚಿತ್ರ ಮಾಡಿ ಕಳಿಸಬೇಕು, ಪ್ರಿಂಟ್ ನಿಧಾನವಾಗುತ್ತದೆ. ಹಿಂದೆ ನಾಲ್ಕು ಲಾರಿ ಹಾರ್ನ್ ಹೊಡೆಯುತ್ತಿರುವಾಗ ಆ ನಿಧಾನಕ್ಕೂ ಬೆಲೆಯಿದೆ. ಮಾಲೀಕ ‘ಇಂಗ್ಲಿಷೇ ಇರಲಿ ಬಿಡಪ್ಪ’ ಅಂದರೆ ಅವನನ್ನು ಸುಲಭಕ್ಕೆ ಬೈಯುವ ಹಾಗಿಲ್ಲ.

ಈಗ ಒಪ್ಪದವರ ಮಾತು. ಅದನ್ನು ಹೇಳಲು ಭೂಮಿ ಯೋಜನೆಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಗದು. ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಆ ಕೆಲಸ ಈ ಶತಮಾನದ ಆರಂಭದಲ್ಲಿ ತಾಲ್ಲೂಕು ತಾಲ್ಲೂಕಿಗೂ ಮುಟ್ಟಿತು. ಆಗ ಕಾಳಗಿ ಇನ್ನೂ ತಾಲ್ಲೂಕಾಗಿರಲಿಲ್ಲ, ರೈತರು ಚಿತ್ತಾಪುರಕ್ಕೆ ಹೋಗಿ 15 ರೂಪಾಯಿ ಕೊಟ್ಟು ಪ್ರಿಂಟ್ ತರುತ್ತಿದ್ದರು. ಕೇಂದ್ರ ಸರ್ಕಾರದ ಎನ್‌ಐಸಿ ಬರೆದ ಆ ತಂತ್ರಾಂಶದ ಪರದೆ ವಿಷುವಲ್ ಬೇಸಿಕ್ 6ರದ್ದು, ಹಿಂದಿನ ದಾಸ್ತಾನು ಮೈಕ್ರೋಸಾಫ್ಟ್‌ನದು, ಕನ್ನಡಕ್ಕೆ ಸಿ-ಡ್ಯಾಕ್ ಸಂಸ್ಥೆಯ ಐಎಸ್‌ಎಂ ಎಂಬ ತಂತ್ರಾಂಶ. ಪರದೆ, ದಾಸ್ತಾನು ಎರಡೂ ಮುಚ್ಚಿದ ಸಾಮಗ್ರಿ. ಆದರೂ ಕೆಲಸ ನಡೆಯಿತು, ಲಕ್ಷಾಂತರ ರೈತರಿಗೆ ತಲುಪಿತು. ಅಂದು ವಿಬಿ ಕಲಿಸುವ ಸೆಂಟರ್ ಊರೂರಿಗೂ ಇತ್ತು. ಕಲಿತವರು ಕೈಗೆ ಸಿಗುತ್ತಿದ್ದರು.

ಮೈಕ್ರೋಸಾಫ್ಟ್ 2008ರಲ್ಲಿ ವಿಬಿ 6ರ ಅಭಿವೃದ್ಧಿ ಸಾಧನಕ್ಕೆ ಬೆಂಬಲ ನಿಲ್ಲಿಸಿತು. ‘ನೋಡಿ, ಮುಚ್ಚಿದ್ದನ್ನು ನಂಬಿದರೆ ಹೀಗೆ’ ಎಂದು ಮುಕ್ತ ತಂತ್ರಾಂಶದವರು ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ. ಆಗ ಬರೆದ ವಿಬಿ 6 ಪ್ರೋಗ್ರಾಮ್‌ಗಳು ವಿಂಡೋಸ್ 11ರಲ್ಲೂ ಬಹುಮಟ್ಟಿಗೆ ಓಡುತ್ತವೆ, ಅವನ್ನು ಓಡಿಸುವ ಭಾಗವನ್ನು ಕಂಪನಿ ಉಳಿಸಿಕೊಂಡಿದೆ. ಮುಕ್ತ ಟೂಲ್‌ಕಿಟ್‌ಗಳ ಕಡೆ ನೋಡಿ. ಜಿಟಿಕೆ 3 ಬಂದದ್ದು 2011ರಲ್ಲಿ. ಯಾವ ಗಿಂಪ್‌ಗಾಗಿ ಜಿಟಿಕೆ ಹುಟ್ಟಿತೋ ಅದೇ ಗಿಂಪ್ ಜಿಟಿಕೆ 2ರಿಂದ ಜಿಟಿಕೆ 3ಕ್ಕೆ ದಾಟಿ ಬಿಡುಗಡೆಯಾದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಜಿಟಿಕೆ 4 ಬಂದು ನಾಲ್ಕು ವರ್ಷ ಕಳೆದಿತ್ತು! ಜಗತ್ತಿನಾದ್ಯಂತ ಸಹಾಯಕರಿರುವ ಯೋಜನೆಗೇ ಈ ಪಾಡಾದರೆ, ವಾಡಿಯ ವೇ ಬ್ರಿಡ್ಜ್‌ಗೆ ಒಬ್ಬನೇ ಬರೆದುಕೊಟ್ಟ ತಂತ್ರಾಂಶದ ಗತಿಯೇನು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಮಕ್ಕಳ ಕಲಿಕೆಯ ತಂತ್ರಾಂಶ ಜಿಕಾಂಪ್ರಿಯ ಕತೆಯೂ ಇಂಥದೇ. 2000ದಲ್ಲಿ ಜಿಟಿಕೆಯಲ್ಲಿ ಶುರುವಾದ ಅದನ್ನು 2014ರಿಂದ ಕ್ಯೂಟಿಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಟ್ಯಾಬ್ಲೆಟ್, ಫೋನುಗಳಲ್ಲಿ ಅದು ಓಡಬೇಕಿತ್ತು, ಹಳೆಯ ಟೂಲ್‌ಕಿಟ್ ಅಲ್ಲಿಗೆ ಹೋಗಲಾರದಾಗಿತ್ತು. ನಮ್ಮ ಊರುಗಳಲ್ಲೂ ಮೇಜಿನ ಕಂಪ್ಯೂಟರಿಗಿಂತ ಮೊದಲು ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್. ಅದನ್ನು ಮರೆತು ಟೂಲ್‌ಕಿಟ್ ಆರಿಸುವುದು ಕಷ್ಟವನ್ನು ಕರೆದುಕೊಂಡಂತೆ.

ಹಳೆಯ ಯಂತ್ರಗಳ ತೊಡಕು ಪಟ್ಟಣದವರಿಗೆ ಅಷ್ಟಾಗಿ ತಟ್ಟುವುದಿಲ್ಲ, ನಮಗೆ ತಟ್ಟುತ್ತದೆ. ಅಡತಿ ಅಂಗಡಿಯಲ್ಲಿ, ದಾಲ್ ಮಿಲ್‌ನ ಕೋಣೆಯಲ್ಲಿ ವಿಂಡೋಸ್ 7ರ ಕಂಪ್ಯೂಟರ್ ಧೂಳು ಕುಡಿಯುತ್ತ ಇನ್ನೂ ದುಡಿಯುತ್ತಿರುವುದುಂಟು. 2020ರ ಡಿಸೆಂಬರಿನಲ್ಲಿ ಬಂದ ಕ್ಯೂಟಿ 6 ಅದರ ಮೇಲೆ ಓಡುವುದಿಲ್ಲ, ವಿಂಡೋಸ್ 10 ಬೇಕು. ಓಡುವುದು ಕ್ಯೂಟಿ 5.15. ಆದರೆ 2021ರಿಂದ ಅದರ ದೀರ್ಘಾವಧಿ ತಿದ್ದುಪಡಿಗಳನ್ನು ಕಂಪನಿ ಮೊದಲು ಹಣ ಕೊಟ್ಟವರಿಗೆ ಮಾತ್ರ ಕೊಡತೊಡಗಿತು. ಕ್ಯೂಟಿಯ ಮೇಲೆ ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಬಳಗ ತಾನೇ ತಿದ್ದುಪಡಿಗಳನ್ನು ಸೇರಿಸಿ ಕಾಪಾಡಿಕೊಂಡು ಬಂದಿದೆ ನಿಜ, ಆದರೂ ಮೂಲ ಕೋಡನ್ನು ತಾನೇ ಕಂಪೈಲ್ ಮಾಡಿಕೊಳ್ಳುವ ಶ್ರಮ ಬರೆಯುವವನ ಪಾಲಿಗೆ. ಜಿಟಿಕೆ ಲಿನಕ್ಸ್‌ನಲ್ಲಿ ಮನೆಯ ಮಗು, ವಿಂಡೋಸ್‌ನಲ್ಲಿ ಅದನ್ನು ಕಟ್ಟಿ ಕೊಡುವುದು ರಗಳೆ. ಪೈಥಾನ್‌ನಲ್ಲಿ ಬರೆದು ಒಂದೇ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ, ಕೆಲವೊಮ್ಮೆ ಆಂಟಿವೈರಸ್ ಅದನ್ನೇ ವೈರಸ್ ಎಂದು ಹಿಡಿಯುತ್ತದೆ.

ಲೈಸೆನ್ಸ್ ವಿಷಯದಲ್ಲಿ ನಮ್ಮ ಹುಡುಗರಿಗೆ ಭಯವೂ ಇದೆ, ತಪ್ಪು ಧೈರ್ಯವೂ ಇದೆ. ಕ್ಯೂಟಿ ಮೊದಲಿಗೆ ಪೂರ್ತಿ ಮುಕ್ತವಾಗಿರಲಿಲ್ಲ. ಆ ಅಸಮಾಧಾನದಿಂದಲೇ 1997ರಲ್ಲಿ ಜಿಟಿಕೆ ಬಳಸುವ ಗ್ನೋಮ್ ಡೆಸ್ಕ್‌ಟಾಪ್ ಹುಟ್ಟಿತು. 1998ರಲ್ಲಿ ಕೆಡಿಇಯವರು ಟ್ರೋಲ್‌ಟೆಕ್ ಜೊತೆ ಒಪ್ಪಂದ ಮಾಡಿಕೊಂಡರು: ಕಂಪನಿ ಮುಕ್ತ ಆವೃತ್ತಿ ನಿಲ್ಲಿಸಿದರೆ, ಇರುವುದನ್ನು ಇನ್ನೂ ಸಡಿಲ ಲೈಸೆನ್ಸ್‌ನಲ್ಲಿ ಬಿಡುವ ಹಕ್ಕು ಅವರಿಗೆ ಬರುತ್ತದೆ. ಆಮೇಲೆ ಕ್ಯೂಟಿ ನೋಕಿಯಾ ಕೈಗೆ, ಅಲ್ಲಿಂದ ಡಿಜಿಯಾ ಕೈಗೆ ಹೋಯಿತು, ಈಗ ಕ್ಯೂಟಿ ಕಂಪನಿಯ ಬಳಿ ಇದೆ. ಒಡೆಯರು ಬದಲಾದರೂ ಆ ಒಪ್ಪಂದ ಉಳಿದಿದೆ. ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ಇಷ್ಟು ಮುಂದಾಲೋಚನೆಯ ಕಾಗದಗಳು ಕಡಿಮೆ. 2009ರಿಂದ ಎಲ್‌ಜಿಪಿಎಲ್ ಲೈಸೆನ್ಸ್ ಕೂಡ ಇರುವುದರಿಂದ ಕ್ಯೂಟಿಯ ಮುಖ್ಯ ಭಾಗಗಳನ್ನು ಬಳಸಿ ಬರೆದ ತಂತ್ರಾಂಶವನ್ನು ಕೋಡ್ ಕೊಡದೆಯೂ ಮಾರಬಹುದು. ಆದರೆ ಕ್ಯೂಟಿ ಬಳಸಿದ್ದನ್ನು ತಿಳಿಸಬೇಕು, ಆ ಲೈಬ್ರರಿಯನ್ನು ಬಳಕೆದಾರ ಬದಲಿಸಿಕೊಳ್ಳಲು ಅಡ್ಡಿ ಮಾಡಬಾರದು. ಪೈಥಾನ್‌ನಲ್ಲಿ ಬರೆಯುವವರು ಅದನ್ನು ಕ್ಯೂಟಿಗೆ ಜೋಡಿಸಲು ಪೈಸೈಡ್ ಹಿಡಿದರೆ ಈ ಸೌಲಭ್ಯ ಸಿಗುತ್ತದೆ. ಪೈಕ್ಯೂಟಿ ಹಿಡಿದರೆ, ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಒಪ್ಪಬೇಕು, ಇಲ್ಲವೇ ಲೈಸೆನ್ಸ್ ಕೊಳ್ಳಬೇಕು. ಇದನ್ನು ಓದದೆ ಮಾರಾಟಕ್ಕೆ ಇಳಿಯಬಾರದು.

ಇವೆಲ್ಲ ತಾಂತ್ರಿಕ ಮಾತಾಯಿತು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ, ರಿಪೇರಿ ಯಾರು ಮಾಡುತ್ತಾರೆ ಎಂಬುದು. ಬೆಂಗಳೂರಿನಲ್ಲಿ 1986ರಲ್ಲಿ ಶುರುವಾದ ಟ್ಯಾಲಿ ಮುಚ್ಚಿದ ತಂತ್ರಾಂಶ. ಆದರೆ ಕಲಬುರಗಿ ಜಿಲ್ಲೆಯ ಯಾವ ಅಡತಿಯೂ ಟ್ಯಾಲಿ ಬಲ್ಲವರಿಲ್ಲ ಎಂದು ಕೊರಗಬೇಕಿಲ್ಲ. ಕೋಡ್ ಕಾಣದಿದ್ದರೂ ಜನ ಇದ್ದಾರೆ. ಕ್ಯೂಟಿಯಲ್ಲಿ ಕೋಡ್ ಕಣ್ಣಮುಂದಿದೆ, ಅದನ್ನು ಓದಬಲ್ಲವರು ಕಾಳಗಿಯಲ್ಲಿ ಉಳಿಯುತ್ತಾರೆಯೇ? ಕ್ಯೂಟಿ ಚೆನ್ನಾಗಿ ಕಲಿತವರನ್ನು ಕಾರಿನ ಡ್ಯಾಶ್‌ಬೋರ್ಡ್, ವೈದ್ಯಕೀಯ ಯಂತ್ರ ಮಾಡುವ ಕಂಪನಿಗಳು ಬೆಂಗಳೂರಿಗೆ ಕರೆದುಕೊಳ್ಳುತ್ತವೆ. ಹೋಗುವುದು ಅವರ ಹಕ್ಕು. ಹಿಂದೆ ಉಳಿದ ತಂತ್ರಾಂಶಕ್ಕೆ ಮಾತ್ರ ದಿಕ್ಕಿಲ್ಲ.

ಈ ಆತಂಕಕ್ಕೆ ಉತ್ತರವೂ ಕರ್ನಾಟಕದಲ್ಲೇ ಇದೆ. 2011ರಿಂದ ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಎಂಬ ಲಿನಕ್ಸ್ ಕಲಿತರು, ಮುಕ್ತ ತಂತ್ರಾಂಶಗಳನ್ನು ಪಾಠಕ್ಕೆ ಒಗ್ಗಿಸಿಕೊಂಡರು. ಧಾತುಗಳನ್ನು ತೋರಿಸುವ ಕಾಲ್ಜಿಯಂ, ಭೂಗೋಳದ ಮಾರ್ಬಲ್‌ನಂಥ ಕ್ಯೂಟಿ ತಂತ್ರಾಂಶಗಳೂ ಆ ಬಗೆಯವೇ. ಆ ಕಲಿಕೆ ನಿಂತದ್ದು ಒಬ್ಬರನ್ನೊಬ್ಬರು ಕೇಳಿ ತಿದ್ದಿಕೊಳ್ಳುವ ಬಳಗದ ಮೇಲೆ. ಬೆಂಗಳೂರಿನ ಸುದರ್ಶನ ಲೇಔಟಿನಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬಿಡಿಸಿದ್ದೂ ಇಂಥ ಬಳಗದ ಬಲದಿಂದ. ಅದೇ ಬೆಂಗಳೂರಿಗೆ 2011ರ ಮಾರ್ಚ್‌ನಲ್ಲಿ ಕೆಡಿಇಯವರ ಸಮ್ಮೇಳನ, ಏಪ್ರಿಲ್‌ನಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ಬಂದುಹೋದವು. ಅವು ಕಲಬುರಗಿಯವರೆಗೆ ಬರಲಿಲ್ಲವೆಂಬ ಬೇಸರ ನನಗಿದೆ. ಪಿಡಿಎ ಎಂಜಿನಿಯರಿಂಗ್ ಕಾಲೇಜು ಇಲ್ಲಿ 1958ರಿಂದ ಇದೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ನಾಲ್ಕಾದರೂ ಶಹಾಬಾದಿನ ಕಲ್ಲಿನ ಖಣಿಗೋ ಚಿಂಚೋಳಿಯ ಒಂದು ಶಾಲೆಗೋ ಬೇಕಾದ ತಂತ್ರಾಂಶವಾದರೆ, ಪ್ರತಿ ವರ್ಷ ಹೊಸ ತಂಡ ಹಳೆಯ ಕೋಡನ್ನು ಕೈಗೆತ್ತಿಕೊಳ್ಳಬಹುದು. ಮುಚ್ಚಿದ ತಂತ್ರಾಂಶದಲ್ಲಿ ಇದಕ್ಕೆ ಅವಕಾಶವೇ ಇರುವುದಿಲ್ಲ. ನನ್ನ ತಕ್ಕಡಿ ಮುಕ್ತದ ಕಡೆ ವಾಲುವುದು ಇದೇ ಕಾರಣಕ್ಕೆ.

ಹಾಗೆಂದು ಎಲ್ಲಕ್ಕೂ ಟೂಲ್‌ಕಿಟ್ ಹಿಡಿಯಿರೆಂದು ನಾನು ಹೇಳಲಾರೆ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಹಲವೆಡೆಯಿಂದ ಒಂದೇ ದಾಖಲೆಯನ್ನು ಮುಟ್ಟುವ ಕೆಲಸಗಳು. ಅವಕ್ಕೆ ವೆಬ್ಬೇ ಸರಿ, ಸರ್ವರ್ ಗಟ್ಟಿ ಮಾಡಿ ಎಂದು ಸರ್ಕಾರವನ್ನು ಕೇಳುವುದೇ ಸರಿ. ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ನಡೆಯುತ್ತಿದ್ದರೆ ಅದನ್ನು ಕಿತ್ತು ಹೊಸದನ್ನು ಬರೆಯುವುದು ಹುಡುಗರ ಹುಮ್ಮಸ್ಸಿಗಾಗಿ ಮಾಲೀಕನ ದುಡ್ಡು ಕಳೆದಂತೆ. ವೈರಿನಿಂದ ಒಂದು ಯಂತ್ರಕ್ಕೆ ಸೇರಿದ, ನೆಟ್ ಇಲ್ಲದೆ ನಡೆಯಬೇಕಾದ, ಕನ್ನಡದಲ್ಲಿ ಕಾಗದ ಕೊಡಬೇಕಾದ ಕೆಲಸಕ್ಕೆ ಕ್ಯೂಟಿ ತಕ್ಕದ್ದು. ವೇ ಬ್ರಿಡ್ಜ್ ಅಂಥದು, ಶಾಲೆಯ ಪ್ರಯೋಗಾಲಯ ಅಂಥದು.

ಬರೆಯಲು ಕೂತವರಿಗೆ ಇಷ್ಟು ಹೇಳುತ್ತೇನೆ. ಮಾಲೀಕನ ಯಂತ್ರ ಮೊದಲು ನೋಡಿ. ವಿಂಡೋಸ್ 7 ಇದ್ದರೆ ಬದಲಿಸಲು ಒಪ್ಪುತ್ತಾನೋ ಕೇಳಿ, ಒಪ್ಪಿದರೆ ಕ್ಯೂಟಿ 6, ಇಲ್ಲದಿದ್ದರೆ 5.15. ಬಳಸಿದ ಆವೃತ್ತಿಯ ಇನ್‌ಸ್ಟಾಲರ್, ಮೂಲ ಕೋಡ್, ಕನ್ನಡ ಫಾಂಟ್ ಮೂರನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿ ಹಾಕಿ ಮಾಲೀಕನ ಕೈಗೆ ಕೊಡಿ. ಯಾವ ಫೈಲ್ ಏನು ಮಾಡುತ್ತದೆಂದು ಕನ್ನಡದಲ್ಲಿ ಎರಡು ಪುಟ ಬರೆದಿಡಿ. ನಿಮ್ಮ ಜೊತೆ ಇನ್ನೊಬ್ಬರಿಗಾದರೂ ಆ ಕೋಡ್ ಗೊತ್ತಿರಲಿ, ಅವರು ಸೇಡಮ್ಮಿನಲ್ಲೋ ಚಿತ್ತಾಪುರದಲ್ಲೋ ಉಳಿಯುವವರಾದರೆ ಒಳ್ಳೆಯದು. ಇದಿಷ್ಟನ್ನೂ ಮಾಡಲು ಪುರುಸೊತ್ತಿಲ್ಲವೆಂದರೆ, ಮಾಲೀಕ ಪೇಟೆಯಲ್ಲಿ ಸಿಗುವ ಮುಚ್ಚಿದ ತಂತ್ರಾಂಶವನ್ನೇ ಕೊಳ್ಳಲಿ. ಅವನಿಗೆ ಫೋನ್ ಮಾಡಲು ಒಂದು ನಂಬರಾದರೂ ಇರುತ್ತದೆ.